ಕಲ್ಲಿನ ಕೋಣೆಯ ಬಾಗಿಲು

ಅಡುಗೆಮನೆಯ ಅಟ್ಟದ ಮೇಲೆ ಪೇರಿಸಿಟ್ಟಿದ್ದ ಹಿತ್ತಾಳೆ ಕೊಡಗಳು ಒಂದಕ್ಕೊಂದು ತಾಕಿ ನಡುಗಿದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಜೋರಾದ ಸದ್ದೇನಲ್ಲ. ಚಳಿಗೆ ಹಲ್ಲು ಕಟಕಟ ಅಂದ ಹಾಗೆ, ಅಷ್ಟೇ. ಇನ್ನೂ ಬೆಳಕು ಹರಿದಿರಲಿಲ್ಲ. ನಾನು ನೀರೊಲೆಗೆ ಕಟ್ಟಿಗೆ ಇಡುತ್ತಿದ್ದೆ. ನಮ್ಮ ಅತ್ತೆ ಹಾಸಿಗೆಯಿಂದಲೇ, "ಹುಶ್! ಆ ಸುಡುಗಾಡು ಬೆಕ್ಕು ಮತ್ತ ಅಟ್ಟ ಹತ್ತೇತಿ ನೋಡು" ಎಂದು ಕೂಗಿದರು. ಬೆಕ್ಕು ನನ್ನ ಕಾಲ ಬಳಿಯೇ ಕೂತಿತ್ತು. ಅದೂ ಅಟ್ಟದ ಕಡೆಗೇ ನೋಡುತ್ತಿತ್ತು.

ಮಧ್ಯಾಹ್ನ ರೇಡಿಯೋದಲ್ಲಿ ಬಂತು: ಮರಾಠಿ ಸೀಮೆಯ ಕೊಯ್ನಾ ಅಣೆಕಟ್ಟಿನ ಕಡೆ ಭೂಮಿ ನಡುಗಿದೆ, ಊರುಗಳೇ ಮಲಗಿವೆ. ಅತ್ತೆ ಕೈಯಲ್ಲಿದ್ದ ಮೊರವನ್ನು ಹಾಗೇ ನೆಲಕ್ಕಿಟ್ಟರು. ಅವರ ಒಬ್ಬಳೇ ಮಗಳು, ನನ್ನ ನಾದಿನಿ, ಅಲ್ಲಿದ್ದಳು. ಆಕೆಯ ಗಂಡ ಸಿರುಗುಪ್ಪದ ಹತ್ತಿರದ ದೇಶನೂರಿನ ಗದ್ದೆಯ ಮನೆತನದವನು. ಬೇಸಾಯ ಒಲ್ಲೆನೆಂದು ಟಿ.ಬಿ. ಡ್ಯಾಮಿನಲ್ಲಿ ಎಲೆಕ್ಟ್ರಿಕ್ ಕೆಲಸ ಕಲಿತು, ಕಂಟ್ರಾಕ್ಟರೊಬ್ಬರ ಜೊತೆ ಹೆಂಡತಿಯನ್ನೂ ಕರಕೊಂಡು ಕೊಯ್ನಾಕ್ಕೆ ಹೋಗಿದ್ದ.

ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ಷೇಕ್ಸ್‌ಪಿಯರ್ ಬಾಯಿಪಾಠ ಮಾಡಿದವಳು. ಅದೇ ಊರಿನ ಗಾಂಧಿನಗರದ ಆ ಮನೆಗೆ ಸೊಸೆಯಾಗಿ ಬಂದ ಮೇಲೆ ನನ್ನ ಇಂಗ್ಲಿಷಿಗೆ ಸಿಕ್ಕ ಕೆಲಸ ಎರಡೇ: ಔಷಧಿ ಸೀಸೆಯ ಲೇಬಲ್ ಓದುವುದು, ತಂತಿ ಬಂದರೆ ಓದಿ ಹೇಳುವುದು. ಕೊಯ್ನಾದಿಂದ ಬಂದ ತಂತಿಯನ್ನೂ ನಾನೇ ಓದಿದೆ. ಅಳಿಯ ಹೋಗಿದ್ದ. ಮಗಳು ಉಳಿದಿದ್ದಳು. ಮೊದಲು ಯಾವುದನ್ನು ಹೇಳಬೇಕೆಂದು ತಿಳಿಯದೆ ನಾನು ಕಾಗದ ಹಿಡಿದು ನಿಂತದ್ದನ್ನು ನೋಡಿಯೇ ಅತ್ತೆ ಬಾಯಿಗೆ ಸೆರಗು ಇಟ್ಟುಕೊಂಡರು.

ನಮ್ಮವರು ಹೋಗಿ ತಂಗಿಯನ್ನು ಕರೆತಂದರು. ಟಾಂಗಾ ಬಾಗಿಲಿಗೆ ಬಂದು ನಿಂತಿತು. ಆಕೆ ಇಳಿದು ಹೊಸ್ತಿಲವರೆಗೆ ಬಂದಳು, ಒಳಗೆ ಕಾಲಿಡಲಿಲ್ಲ. ಪಕ್ಕದ ಸಂದಿಯಲ್ಲಿ ಹಾದು ಹಿತ್ತಲಿಗೆ ಹೋಗಿ ಬೇವಿನ ಗಿಡದಿಂದಲೂ ದೂರ, ಬಯಲಲ್ಲಿ, ಬಿಸಿಲಲ್ಲಿ ಕೂತಳು. ಮೂಲೆ ಹಿಡಿಯುವ ಮುಂಚೆ ತವರಿನ ಹೊಸ್ತಿಲು ದಾಟಬಾರದೆಂಬ ವಿಚಾರವಿರಬೇಕೆಂದು ಅತ್ತೆ ತಿಳಿದರು. "ನನ್ನ ಮಗಳಿಗೆ ತಿಳುವಳಿಕಿ ಐತಿ" ಎಂದು ಅಳುತ್ತಲೇ ನೆರೆಯವರಿಗೆ ಹೇಳಿದರು.

ಮೂಲೆಯ ವಿಷಯ ಹೇಳಬೇಕು. ಎಲ್ಲರ ಮನೆಯಲ್ಲೂ ಇದ್ದದ್ದಲ್ಲ, ನಮ್ಮ ಮನೆತನದಲ್ಲಿತ್ತು. ಗಂಡ ಸತ್ತ ಹೆಣ್ಣುಮಗಳು ಸೋದರಮಾವನ ಮನೆಯ ಒಳಕೋಣೆಯಲ್ಲಿ, ಒಂದು ಮೂಲೆಯಲ್ಲಿ, ಹಿರಿಯರು ಸಾಕೆನ್ನುವವರೆಗೆ ಕೂಡಬೇಕು. ಹೊರಗಿನವರು ಮುಖ ನೋಡಬಾರದು. ಅದು ಮುಗಿದ ಮೇಲೆ ಅತ್ತೆಮನೆಯವರು ಬಂದು ಕರೆದೊಯ್ಯುತ್ತಾರೆ. ಸೋದರಮಾವನ ಮನೆ ಕುರುಗೋಡಿನಲ್ಲಿತ್ತು.

ಸಂಜೆಯಾಯಿತು. ಅತ್ತೆ ಕರೆದರು: "ಒಳಗ ಬಾ ಯವ್ವಾ. ಮೈಗೆ ನೀರು ಹಾಕ್ಕೋ."

"ಇಲ್ಲೇ ಹಾಕ್ಕೋತೀನಿ."

"ಇಲ್ಲೆ? ಬಯಲಾಗ? ತಲಿ ಕೆಟ್ಟೈತೇನು ನಿಂದು?"

"ಅವ್ವಾ, ನನಗ ಮ್ಯಾಲೆ ಏನೂ ಇರಬಾರದು ನೋಡು" ಎಂದಳು. ಅಷ್ಟನ್ನೇ ತೀರ ಮೆಲ್ಲಗೆ, ಹಸಿವಿಲ್ಲ ಎಂದು ಹೇಳುವವರ ಹಾಗೆ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ತೊಲೆ, ಜಂತಿ, ಅದರ ಮೇಲೆ ಮೊಳ ದಪ್ಪ ಮಣ್ಣು. ಬೇಸಿಗೆಯಲ್ಲಿ ಎಷ್ಟು ತಂಪು ಅನ್ನುತ್ತಿದ್ದೆವು. ಆ ದಿನ ಮೊದಲ ಸಲ ತಲೆ ಎತ್ತಿ ಅದರ ಭಾರ ಎಷ್ಟಿರಬಹುದೆಂದು ನೋಡಿದೆ.

ಅದೇ ವಾರ ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರು ಮನೆಗೆ ಬಂದರು. ಭೂಕಂಪದ ಜನಕ್ಕೆ ರಿಲೀಫ್ ಕಳಿಸಬೇಕು, ಬಟ್ಟೆಬರೆ ವಿಂಗಡಿಸಿ ಕಟ್ಟಲು ಜಾಗ ಬೇಕು ಎಂದರು. ನಮ್ಮವರದು ಹತ್ತಿ ವ್ಯಾಪಾರ. ಹಿತ್ತಲಲ್ಲಿ ಗೋಣಿಚೀಲಗಳಿದ್ದವು, ಜಾಗವೂ ಇತ್ತು. ನಮ್ಮವರು ಹೂಂ ಅಂದರು. ನನಗೆ ಆ ಕ್ಷಣವೇ ದಾರಿ ಹೊಳೆಯಿತು. "ಅತ್ತಿ, ಬಟ್ಟಿ ವಿಂಗಡಿಸಾಕ ಒಬ್ಬಾಕಿಯಿಂದ ಆಗಂಗಿಲ್ಲ. ಇದು ಮುಗಿಯೋತನ ಆಕಿ ಹಿತ್ತಲದಾಗ ಇರಲಿ. ಪುಣ್ಯದ ಕೆಲಸ ನೋಡ್ರಿ" ಎಂದೆ. ಪುಣ್ಯ ಅಂದರೆ ಅತ್ತೆ ಇಲ್ಲ ಅನ್ನಲಾರರು.

ಗಾಂಧಿನಗರದ ಮನೆಮನೆಯಿಂದ ಗಂಟುಗಳು ಬಂದವು. ಬಿಚ್ಚಿದರೆ ಬರೀ ಕುಪ್ಪಸದ ಖಣ! ಹಸಿರು, ಕೆಂಪು, ಹಳದಿ, ಅಂಚು ಹರಿಯದ ಹೊಸ ಖಣಗಳು. ನಮ್ಮ ಕಡೆ ಉಟ್ಟು ಬಿಟ್ಟ ಬಟ್ಟೆಯನ್ನು ಮರ್ಯಾದಸ್ಥರಿಗೆ ಕೊಡುವಂತಿಲ್ಲ. ಕೊಟ್ಟರೆ ಅವರನ್ನು ತಿರುಕರೆಂದು ಕಂಡ ಹಾಗೆ. ಆದ್ದರಿಂದ ಪ್ರತಿಯೊಬ್ಬ ಗೃಹಿಣಿಯೂ ಟ್ರಂಕಿನಲ್ಲಿದ್ದ ಖಣ ತೆಗೆದುಕೊಟ್ಟಿದ್ದಳು. ಮದುವೆಗೆ, ಸೀಮಂತಕ್ಕೆ, ಗೃಹಪ್ರವೇಶಕ್ಕೆ ಮನೆಯಿಂದ ಮನೆಗೆ ತಿರುಗುತ್ತ, ಯಾರೂ ಎಂದೂ ಹೊಲಿಸದ ಖಣಗಳು.

ನಾದಿನಿ ಒಂದು ಹಸಿರು ಖಣ ಎತ್ತಿ ತಿರುವಿ ಮುರುವಿ ನೋಡಿದಳು. "ಅತ್ತಿಗಿ, ಇದು ನನ್ನ ಲಗ್ನದಾಗೂ ಬಂದಿತ್ತು. ಈ ಮೂಲ್ಯಾಗ ಇಲಿ ಕಡದಿದ್ದು ನಾನ ನೋಡೀನಿ."

ಇಬ್ಬರೂ ನಕ್ಕೆವು. ಆಕೆ ಬಂದ ಮೇಲೆ ನಕ್ಕದ್ದು ಅದೇ ಮೊದಲು. ಅತ್ತೆ ಒಳಗಿನಿಂದ ಕೆಮ್ಮಿದರು. ನಗು ನಿಂತಿತು.

"ಅಲ್ಲಿ ಏನು ಬೇಕಾಗಿತ್ತು?" ಎಂದು ಕೇಳಿದೆ.

ಆಕೆ ಖಣ ಮಡಚುತ್ತಲೇ ಹೇಳಿದಳು. "ಹಳೇ ಸೀರಿ. ಒಗದು ಒಗದು ಮೆತ್ತಗಾಗಿರ್ತಾವಲ್ಲ, ಅಂಥವು. ಗಾಯಕ್ಕ ಕಟ್ಟಾಕ, ಕೂಸಿಗೆ ಸುತ್ತಾಕ, ಹೊರಗಾದವರಿಗೆ. ಹೊರಗಾದವರ ಗತಿ ಏನಂತೀ ಅತ್ತಿಗಿ, ಕೆಳಗ ಮಣ್ಣು ಹರವಿಕೊಂಡು ಕುಂತಿದ್ವಿ. ಕಾಲಿಗೆ ಚಪ್ಪಲಿ. ಒಡದ ಗಾಜಿನ ಮ್ಯಾಲೆ ಬರಿಗಾಲಿಲೆ ಎಷ್ಟಂತ ನಡೀತಿ? ಬಕೀಟು. ಕಂದೀಲು. ನಾಕು ಹೆಣ್ಮಕ್ಕಳು ಬಯಲಕಡಿಗೆ ಕುಂತಾಗ ಮರಿ ಹಿಡಿಯಾಕ ಒಂದು ಚಾದರ." ಮಡಚಿದ ಖಣವನ್ನು ಬದಿಗಿಟ್ಟು, "ಒಬ್ರು ಲಾರಿಗಟ್ಟಲೆ ಬುಂದೇ ಲಾಡು ಕಳಸಿದ್ರು. ಕುಡಿಯಾಕ ನೀರಿದ್ದಿಲ್ಲ" ಎಂದಳು.

ಮರುದಿನ ಸಿಸ್ಟರ್ ಬಂದಾಗ ನಾನು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಔಷಧಿ ಲೇಬಲ್ ಬಿಟ್ಟು ಬೇರೆ ಮಾತಿಗೆ ನನ್ನ ಇಂಗ್ಲಿಷು ಬಹಳ ದಿನದ ಮೇಲೆ ಬಾಯಿ ತೆರೆದಿತ್ತು. ಚಾದರದ ಮಾತಿಗೆ "ಪ್ರೈವೆಸಿ" ಎಂದೆ. ಸಿಸ್ಟರ್ ತಲೆ ಆಡಿಸಿದರು. ಖಣಗಳು ಮನೆಮನೆಗೆ ವಾಪಸ್ ಹೋದವು. ಹಳೇ ಸೀರೆ ಕೇಳಿದಾಗ ದೊಡ್ಡ ರಂಪವೇ ಆಯಿತು. "ಉಟ್ಟ ಸೀರಿ ಕೊಟ್ಟು ನಾವು ಸಣ್ಣಾವರಾಗಬೇಕೇನು?" ಎಂದು ಎದುರುಮನೆಯಾಕೆ ನಮ್ಮ ಕಟ್ಟೆಗೇ ಬಂದು ಕೂಗಿದಳು. ಅತ್ತೆ ಒಳಗೆ ಹೋಗಿ, ತಾವು ದಿನಾ ಮಲಗುವಾಗ ಉಡುತ್ತಿದ್ದ ಮೆತ್ತನೆಯ ಇಳಕಲ್ ಸೀರೆ ತಂದು ಮೊದಲ ಗಂಟಿಗೆ ಹಾಕಿದರು. ಅತ್ತೆ ಕೆಟ್ಟವರಲ್ಲ. ಅದು ಗೊತ್ತಿದ್ದುದರಿಂದಲೇ ಆ ಮನೆಯಲ್ಲಿ ನನಗೆ ಎದುರು ಮಾತಾಡಲು ಬಾಯಿ ಬರುತ್ತಿರಲಿಲ್ಲ.

ಗಂಟು ಇರುವವರೆಗೆ ಆಕೆಗೆ ಆಕಾಶ. ನಾವಿಬ್ಬರೂ ಕಟ್ಟಿದ್ದನ್ನು ಬಿಚ್ಚುತ್ತಿದ್ದೆವು, ಬಿಚ್ಚಿದ್ದನ್ನು ಕಟ್ಟುತ್ತಿದ್ದೆವು. ಅದಿರಿನ ಲಾರಿ ರಸ್ತೆಯಲ್ಲಿ ಗುಡುಗಿಕೊಂಡು ಹೋದರೆ ಆಕೆ ಎದ್ದು ನಿಂತುಬಿಡುತ್ತಿದ್ದಳು, ಸದ್ದು ಅಡಗಿದ ಮೇಲೆ ಮತ್ತೆ ಕೂಡುತ್ತಿದ್ದಳು. ಆದರೆ ಹಳೇ ಸೀರೆಗೂ ಒಂದು ಕೊನೆ ಇರುತ್ತದೆ.

ಗಂಟು ಒಯ್ಯುವ ಲಾರಿಯೊಂದಿಗೆ ಬಂದ ದಿನ ಸಿಸ್ಟರ್ ಅತ್ತೆಯ ಮುಂದೆ ಕೈ ಜೋಡಿಸಿದರು. ಅಲ್ಲಿ ತಮಗೆ ಮರಾಠಿ ಬಲ್ಲ ಹೆಂಗಸು ಬೇಕು, ನಿಮ್ಮ ಮಗಳನ್ನು ಜೊತೆಗೆ ಕಳಿಸಿ, ಟೆಂಟಿನಲ್ಲಿ ನಮ್ಮ ಜೊತೆಯೇ ಇರುತ್ತಾಳೆ ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಟೆಂಟು ಎಂಬ ಮಾತಿಗೆ ನಾದಿನಿ ತಲೆ ಎತ್ತಿದ್ದನ್ನು ನೋಡಿದೆ.

"ಮೂಲಿ ಹಿಡೀದಾಕಿನ್ನ ಲಾರಿ ಹತ್ತಿಸ್ತೀರೇನು? ಸತ್ತಾತಗ ಶಾಂತಿ ಹೆಂಗ ಸಿಗತೈತಿ, ಕೇಳು ಆಕಿನ್ನ" ಎಂದರು ಅತ್ತೆ.

ಮೂಲೆಗೆ ಏನೆನ್ನಲಿ? "ಕಾರ್ನರ್" ಎಂದೆ. ಸಿಸ್ಟರ್ ಹುಬ್ಬು ಗಂಟಿಕ್ಕಿದರು. "ಪನಿಷ್‌ಮೆಂಟ್? ವಾಟ್ ಹ್ಯಾಸ್ ಶೀ ಡನ್?" ಎಂದು ಕೇಳಿದರು. ಕಾನ್ವೆಂಟಿನಲ್ಲಿ ಹೋಮ್‌ವರ್ಕ್ ಮಾಡದವರನ್ನು ಅವರೇ ಮೂಲೆಯಲ್ಲಿ ನಿಲ್ಲಿಸುತ್ತಿದ್ದರಲ್ಲ. "ನಥಿಂಗ್, ಸಿಸ್ಟರ್" ಎಂದೆ. ಲಾರಿ ಹೋಯಿತು. ಅತ್ತೆ ಹಿತ್ತಲನ್ನು ಗುಡಿಸಿ ನೀರು ಚಿಮುಕಿಸಿದರು.

ಮಾರನೆಯ ದಿನ ಸೋದರಮಾವ ಬಂದರು. ದೊಡ್ಡ ಮೀಸೆ, ಕೈಯಲ್ಲಿ ಬೆಳ್ಳಿ ಕಟ್ಟಿನ ಬಡಿಗೆ, ಮಗುವಿನಂಥ ಮನಸ್ಸು. ಅಕ್ಕನ ಮಗಳನ್ನು ನೋಡಿ ಬಹಳ ಅತ್ತರು. ಆಕೆಯ ಅಂಜಿಕೆ ಕೇಳಿ ಕಣ್ಣೊರೆಸಿಕೊಂಡು, "ಇಷ್ಟ ಏನು? ಅಂಜಬ್ಯಾಡ ಮಗಳ. ನಿನಗ ಅಂಥಾ ಜಾಗಾ ಕೊಡ್ತೀನಿ, ಭೂಮಿ ತಲಿಕೆಳಗಾದ್ರೂ ಅಲ್ಲಾಡಂಗಿಲ್ಲ" ಎಂದರು.

ನಾವೂ ಬಿಡಲು ಹೋದೆವು. ಕುರುಗೋಡು ಬಂಡೆಗಳ ನಡುವೆ ಕೂತ ಊರು. ಸೋದರಮಾವನ ಮನೆಯ ಹಿಂಭಾಗದಲ್ಲಿ ಅವರ ಅಜ್ಜ ಜೋಳ, ಬಂಗಾರ ಇಡಲು ಕಟ್ಟಿಸಿದ ಒಂದು ಕೋಣೆ ಇತ್ತು. ಗೋಡೆ ಕಲ್ಲು, ನೆಲ ಕಲ್ಲು, ಸೂರಿಗೂ ಉದ್ದುದ್ದ ಕಲ್ಲಿನ ಹಾಸು. ಕಿಟಕಿ ಇಲ್ಲ. ಜೋಳ ಹೊರಗೆ ಹಾಕಿಸಿ, ಸುಣ್ಣ ಬಳಿಸಿ, ಹೊಸ ಕಂಬಳಿ ಹಾಸಿಸಿದ್ದರು. ಇಡೀ ಮನೆಯಲ್ಲಿ ಅದಕ್ಕಿಂತ ಗಟ್ಟಿ ಜಾಗವಿರಲಿಲ್ಲ. ಬಡಿಗೆಯಿಂದ ಗೋಡೆಗೆ ಧಡ್ ಧಡ್ ಎಂದು ಬಾರಿಸಿ, "ನೋಡು! ಒಳಗ ಡೊಳ್ಳು ಬಾರಿಸಿದ್ರೂ ಹೊರಗ ಕೇಳ್ಸಂಗಿಲ್ಲ" ಎಂದು ಹಿಗ್ಗಿನಿಂದ ಹೇಳಿದರು.

ಧಡ್ ಎಂದಾಗಲೇ ಆಕೆ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟಿದ್ದಳು. ಅವರು ಅದನ್ನು ನಮಸ್ಕಾರ ಅಂದುಕೊಂಡು, "ಇರಲಿ, ಇರಲಿ" ಅಂದರು.

ಕಲ್ಲಿನ ಸೀಮೆಯವರು ನಾವು. ನಮ್ಮಲ್ಲಿ ಪ್ರೀತಿ ಹೆಚ್ಚಾದಷ್ಟೂ ಕಲ್ಲು ದಪ್ಪವಾಗುತ್ತದೆ. ಮೈಮೇಲೆ ಕಲ್ಲೇ ಬಿದ್ದು ಬಂದವಳಿಗೆ ಕಲ್ಲಿನಿಂದಲೇ ಧೈರ್ಯ ಹೇಳಿದೆವು.

ಬಳ್ಳಾರಿಗೆ ಮರಳಿದ ಮೇಲೆ ನನಗೆ ಊಟ ಸೇರುತ್ತಿರಲಿಲ್ಲ. ಕುರುಗೋಡಿನಿಂದ ಬಂದವರು ಯಾರೋ, "ಆಕಿ ಎದ್ದೆದ್ದು ಅಂಗಳಕ್ಕ ಬರ್ತಾಳಂತ, ಹೊರಗಿಂದ ಚಿಲಕಾ ಹಾಕ್ಯಾರ" ಎಂದರು. ಒಬ್ಬಳೇ ಹೋಗಿ ಬರುತ್ತೇನೆ ಎನ್ನುವ ಹಾಗಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡರೆ "ಎಲ್ಲಿಗೆ?" ಎಂಬ ಮಾತು ಬಾಗಿಲಲ್ಲೇ ಕಾಯುತ್ತಿತ್ತು. ಕೊನೆಗೆ ನಮ್ಮವರಿಗೆ ಹತ್ತಿಯ ಕೆಲಸ ಆ ಕಡೆ ಬಿತ್ತು. ಅತ್ತೆ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿ ನನ್ನನ್ನೂ ಕಳಿಸಿದರು.

ನಮ್ಮವರು ನನ್ನನ್ನು ಅಲ್ಲಿ ಬಿಟ್ಟು ಕೆಲಸಕ್ಕೆ ಹೋದರು. ಸೋದರಮಾವನೇ ಚಿಲಕ ತೆಗೆದರು. ಆಕೆ ಬಾಗಿಲ ಚೌಕಟ್ಟಿನ ಒಳಗೇ, ಹೊಸ್ತಿಲಿಗೆ ಅಂಟಿಕೊಂಡು ಮುದುಡಿ ಕೂತಿದ್ದಳು. ಬಾಗಿಲು ತೆರೆದಾಗ ಹೊರಕ್ಕೆ ವಾಲಿದಳು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

"ಊಟ ಮುಟ್ಟಂಗಿಲ್ಲ ನೋಡವ್ವಾ. ನೀನರ ಹೇಳು" ಎಂದರು ಅವರು.

ಆಕೆ ಅವರನ್ನೇ ನೋಡಿದಳು. "ಮಾವಾ, ಒಂದೀಟು ನೀವೂ ಒಳಗ ಕುಂದರ್ರಿ. ನಾ ಉಣ್ತೀನಿ."

ಅವರಿಗೆ ಸಂತೋಷವಾಯಿತು. ಮೂವರೂ ಒಳಗೆ ಕೂತೆವು. ನಾನು ಬುತ್ತಿ ಬಿಚ್ಚಿದೆ. ಬಾಗಿಲು ಅರ್ಧ ತಾನಾಗಿಯೇ ಮುಚ್ಚಿಕೊಂಡಿತ್ತು. ಹಿತ್ತಲ ದಾರಿಯಲ್ಲಿ ಸೋದರಮಾವನ ಹೆಂಡತಿ ಒಗೆಯುವ ಬಟ್ಟೆಯ ಗಂಟು ಹೊತ್ತು ಹೊಂಡಕ್ಕೆ ಹೊರಟಿದ್ದರು. ಚಿಲಕ ಬಿಚ್ಚಿದ್ದು ಕಂಡಿರಬೇಕು. ರೂಢಿಯ ಕೈ, ಬಾಗಿಲು ಎಳೆದು ಚಿಲಕ ಹಾಕಿಕೊಂಡು ನಡೆದುಬಿಟ್ಟರು.

ಕತ್ತಲೆ ಎಂದರೆ ಕಪ್ಪು ಎಂದುಕೊಂಡಿದ್ದೆ. ಅಲ್ಲಿ ಅದಕ್ಕೆ ಭಾರವೂ ಇತ್ತು.

"ಏ! ಯಾರಲೇ ಅದು?" ಎಂದು ಸೋದರಮಾವ ಗದರಿದರು. ದನಿ ಗೋಡೆಗೆ ಬಡಿದು ನಮ್ಮ ಮೇಲೆಯೇ ಬಿತ್ತು. ಎದ್ದು ಬಡಿಗೆಯಿಂದ ಬಾಗಿಲು ಬಡಿದರು, ಹೆಂಡತಿಯ ಹೆಸರು ಕೂಗಿದರು, ಆಳಿನ ಹೆಸರು ಕೂಗಿದರು, ದೇವರ ಹೆಸರು ಕೂಗಿದರು. ಉಸಿರು ಏರಿತು. ತಲೆಯ ಮೇಲಿದ್ದ ಕಲ್ಲುಹಾಸು ಕಾಣುತ್ತಿರಲಿಲ್ಲ, ಆದರೆ ನನ್ನ ನೆತ್ತಿಗೆ ಅದು ತಿಳಿಯುತ್ತಿತ್ತು.

ಆಗ ನಾದಿನಿ ಮಾತಾಡಿದಳು. ಅಷ್ಟು ಹೊತ್ತು ನಡುಗುತ್ತಿದ್ದವಳ ದನಿಯಲ್ಲಿ ನಡುಕವೇ ಇರಲಿಲ್ಲ.

"ಕೂಗಬ್ಯಾಡ್ರಿ ಮಾವಾ. ಬಾಯಿ ಒಣಗತೈತಿ. ಕುಂದರ್ರಿ. ಅತ್ತಿಗಿ, ಆ ಚೆಂಬು ತಾ ಇಲ್ಲಿ." ಚೆಂಬಿನಿಂದ ಹೊಸ್ತಿಲ ಕಲ್ಲಿಗೆ ಮೂರು ಸಲ ಬಡಿದಳು. ಆಮೇಲೆ ಸುಮ್ಮನಾದಳು.

"ಬಡಿ, ಬಡಿ, ಯಾಕ ನಿಲ್ಲಿಸಿದಿ?" ಎಂದರು ಅವರು.

"ಒಂದ ಸಮನ ಬಡಿದ್ರ ಆ ಕಡಿಯವರ ಸಪ್ಪಳ ನಮಗ ಕೇಳ್ಸಂಗಿಲ್ಲ. ಬಡೀಬೇಕು, ಸುಮ್ಮಕಿರಬೇಕು."

ಮತ್ತೆ ಮೂರು. ಮತ್ತೆ ಮೌನ. ಆ ಮೌನಗಳ ನಡುವೆ, ಒಲೆಯ ಮೇಲಿಟ್ಟ ಅಡುಗೆಯ ವಿಷಯ ಹೇಳುವ ಹಾಗೆ, ಯಾರಿಗೂ ಹೇಳದ್ದನ್ನು ಹೇಳಿದಳು. "ನಾ ಬಾಗಲದಾಗ ಸಿಕ್ಕೊಂಡಿದ್ದೆ. ಅವರು ಒಳಗ. ನಡುವ ಗ್ವಾಡಿ ಬಿದ್ದಿತ್ತು. ಬಡಿಯೂದು ಅವರ ಕಲಿಸಿದ್ದು. ಅವರು ಮೂರು, ನಾನು ಮೂರು. ಹೊತ್ತು ಏರಿದ ಮ್ಯಾಲೆ ನಾ ಬಡದು ಸುಮ್ಮಕಿದ್ದೆ, ಆ ಕಡಿಯಿಂದ ಬರಲಿಲ್ಲ. ಮತ್ತ ಬಡದೆ. ಮಂದಿ ಬಂದು ನನ್ನ ತಗೀಯೋತನಾನೂ ಬಡೀತಿದ್ದೆ. ಇಲ್ಲಿ ನೀವು ಚಿಲಕಾ ಹಾಕಿದಾಗಿಂದ ಅದನ್ನ ಮಾಡಾಕ ಹತ್ತೀನಿ ಮಾವಾ. ಯಾರಿಗೂ ಕೇಳ್ಸಿಲ್ಲ."

ಸೋದರಮಾವ ಅಳುತ್ತಿದ್ದುದು ಉಸಿರಿನಿಂದ ಗೊತ್ತಾಯಿತು. ಸ್ವಲ್ಪ ಹೊತ್ತಾದ ಮೇಲೆ, "ತಾ ಇಲ್ಲಿ" ಎಂದು ಚೆಂಬು ಇಸಿದುಕೊಂಡು ತಾವೇ ಬಡಿದರು. ಮೂರು. ಮೌನ.

ಚಿಲಕ ತೆಗೆದಾಗ ಬೆಳಕಿಗೆ ಕಣ್ಣು ಬಿಡಲಾಗಲಿಲ್ಲ. ಹೆಂಡತಿ ಒದ್ದೆ ಬಟ್ಟೆ ಹೊತ್ತುಕೊಂಡೇ ನಿಂತಿದ್ದರು. "ಅಯ್ಯ ಶಿವನ! ನೀವೂ ಒಳಗದೀರೇನ್ರೀ? ಸಪ್ಪಳ ಕೇಳಿ ನಾ ಇಲಿ ಅಂದ್ಕಂಡೆ!"

"ಇಲಿ ಚೆಂಬು ಬಡೀತೈತೇನಲೇ?" ಎಂದರು. ಅವರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅಂಗಳದಲ್ಲೇ ನಿಂತು ಆಳುಗಳನ್ನು ಕರೆಸಿ, ಆ ತೇಗದ ಬಾಗಿಲನ್ನು ಕಲ್ಲಿನ ಗುಳಿಯಿಂದ ಎತ್ತಿಸಿ ದನದ ಕೊಟ್ಟಿಗೆಗೆ ಹಾಕಿಸಿದರು.

ಸುದ್ದಿ ಕೇಳಿ ಅತ್ತೆ ಬಳ್ಳಾರಿಯಿಂದ ಬಂದು ತಮ್ಮನೊಡನೆ ಜಗಳ ತೆಗೆದರು. "ಬಾಗಲಾ ಇಲ್ಲದ ಮೂಲಿ ಎಂಥಾ ಮೂಲಿ?"

"ಮೂಲಿ ಅಲ್ಲೇ ಐತೆಕ್ಕಾ, ಎಲ್ಲೀಗೂ ಹೋಗಿಲ್ಲ. ಬಾಗಲಾ ಅಷ್ಟ ಹೋಗೈತಿ."

ಅವರಿಂದ ಆದದ್ದು ಅಷ್ಟು. ಸೂರು ತೆಗೆಸಲು ಅವರಿಂದಲೂ ಆಗಲಿಲ್ಲ, ಬಯಲಿಗೆ ಬಿಡಲು ಅಕ್ಕನ ಎದುರು ಧೈರ್ಯ ಬರಲಿಲ್ಲ. ಉಳಿದ ದಿನಗಳನ್ನು ಆಕೆ ಹೊಸ್ತಿಲ ಮೇಲೆ, ಅರ್ಧ ಮೈ ಒಳಗೆ, ಅರ್ಧ ಮೈ ಹೊರಗೆ ಇಟ್ಟು ಕಳೆದಳಂತೆ. ಊಟ ಮಾಡಿದಳಂತೆ. ಕೂತಲ್ಲೇ ತೂಕಡಿಸುತ್ತಿದ್ದಳು, ಮಲಗಿದ್ದನ್ನು ಯಾರೂ ನೋಡಲಿಲ್ಲ.

ಮೂಲೆ ಮುಗಿದ ದಿನ ನಾವು ಕುರುಗೋಡಿಗೆ ಹೋಗಿ ಆಕೆಯನ್ನು ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಕರೆದೊಯ್ದೆವು. ದೇಶನೂರಿನಿಂದ ಆಕೆಯ ಮಾವ, ಗಂಡನ ಅಪ್ಪ, ಅಲ್ಲಿಗೆ ಗಾಡಿ ತರುವುದೆಂದು ಮಾತಾಗಿತ್ತು. ಬಸ್ಸಿನ ಸೂರಿಗೆ ಆಕೆ ಅಂಜಲಿಲ್ಲ. "ಇದು ಓಡ್ತಿರತೈತಲ್ಲ" ಎಂದಳು. ಇಳಿಯುವ ಮುಂಚೆ ನನ್ನ ಕೈ ಹಿಡಿದು, "ಅಲ್ಲಿ ಮನಿ ಹೆಂಗೈತಿ ಗೊತ್ತೇನು? ನಿಮ್ಮದಕ್ಕಿಂತ ದಪ್ಪ ಮಾಳಿಗಿ" ಎಂದಳು.

ಆಮೇಲೆ ಆಕೆಯ ಸುದ್ದಿ ಮಾತ್ರ ಬರುತ್ತಿತ್ತು. ಕಣದಲ್ಲಿ ಹುಲ್ಲಿನ ಗುಡಿಸಲು ಹಾಕಿಕೊಂಡಳಂತೆ, ಅದರ ಹೊರಗೇ ಮಲಗುತ್ತಾಳಂತೆ, ಮಾವ ಅಡ್ಡ ಬರಲಿಲ್ಲವಂತೆ. ಬಯಲಲ್ಲಿ ಮಲಗುವ ಮಗಳೆಂದು ಅತ್ತೆ ನಾಚಿಕೆಯಿಂದ ಹೋಗುವುದು ಬರುವುದು ಎರಡನ್ನೂ ನಿಲ್ಲಿಸಿದರು. ಬಳ್ಳಾರಿಯಿಂದ ದೇಶನೂರು ಎಷ್ಟು ದೂರ? ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ತಿರುಗಿ ಬರಬಹುದು. ಅತ್ತೆ ಇರುವವರೆಗೆ ಅಪ್ಪಣೆ ಸಿಗಲಿಲ್ಲ. ಎಂಬತ್ತರ ದಶಕದಲ್ಲಿ ಅತ್ತೆ ತೀರಿಕೊಂಡರು, ನಾನು ಹೊರಡಬೇಕೆಂದುಕೊಳ್ಳುವಷ್ಟರಲ್ಲಿ ಆಕೆಯೂ ಜ್ವರ ಬಂದು ಹೋದಳೆಂದು ಸುದ್ದಿ ಬಂತು. ಹಾಗಾಗಿ ಸಿರುಗುಪ್ಪದ ಆ ಮಧ್ಯಾಹ್ನವೇ ನನಗೆ ಉಳಿದದ್ದು.

ಬಸ್ ನಿಲ್ದಾಣದ ಹೊರಗೆ ದೇಶನೂರಿನ ಮುದುಕ ಕಾಯುತ್ತಿದ್ದ. ಸೊಸೆಯ ಮುಖ ಊರವರಿಗೆ ಕಾಣಬಾರದೆಂದು ಗಾಡಿಗೆ ಬಿದಿರಿನ ಕಮಾನು ಕಟ್ಟಿ, ಮೇಲೆ ಚಾಪೆ, ಚಾಪೆಯ ಮೇಲೆ ಜಮಖಾನ ಹೊದಿಸಿ ತಂದಿದ್ದ. ಒಳಗೆ ಭತ್ತದ ಹುಲ್ಲು ಮೆತ್ತಗೆ ಹಾಸಿದ್ದ. ಆಕೆ ಗಾಡಿಯ ಹಿಂದೆ ಹೋಗಿ ಬಗ್ಗಿ ನೋಡಿ, ಅಲ್ಲೇ ನಿಂತಳು.

"ಹತ್ತವ್ವಾ."

"ಮಾವಾ, ಈ ಕಮಾನು ತಗೀರಿ."

"ಬಿಸಲು ಐತಿ ಮಗಳ. ಮ್ಯಾಲಾಗಿ ಮಂದಿ ನೋಡ್ತಾರ."

"ನೋಡ್ಲಿ."

ನಮ್ಮವರು ಮುಖ ಆ ಕಡೆ ತಿರುಗಿಸಿಕೊಂಡರು. ಮುದುಕ ಆಕೆಯನ್ನು ನೋಡಿದ. ಮಗನನ್ನು ಕಳಕೊಂಡವನು ಅವನೂ. ಆಮೇಲೆ ರುಮಾಲಿನ ತುದಿ ಸಿಕ್ಕಿಸಿಕೊಂಡು, ಒಂದೊಂದೇ ಹಗ್ಗ ಬಿಚ್ಚತೊಡಗಿದ. ಚಹಾದಂಗಡಿಯಲ್ಲಿ ಕೂತವರು ಎದ್ದು ಬಂದು ನೋಡಿದರು. ಜಮಖಾನ, ಚಾಪೆ, ಕಮಾನು, ಮೂರೂ ರಸ್ತೆ ಬದಿಗೆ ಬಂದವು. ಆಕೆ ಗಾಲಿಯ ಮೇಲೆ ಕಾಲಿಟ್ಟು ಹತ್ತಿದಳು. ನನಗೆ "ಬರ್ತೀನಿ ಅತ್ತಿಗಿ" ಎಂದಷ್ಟೇ ಹೇಳಿದಳು.

ಬಳ್ಳಾರಿಯ ಬಸ್ಸು ಹಾರ್ನ್ ಹೊಡೆಯಿತು. ನಾವು ಓಡಿ ಹತ್ತಿದೆವು. ಕಿಟಕಿಯ ಸೀಟು ನಮ್ಮವರದು. ನಾನು ಅವರ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಗಾಡಿ ದೇಶನೂರಿನ ದಾರಿ ಹಿಡಿದಿತ್ತು. ಆಕೆ ಹುಲ್ಲಿನ ಮೇಲೆ ಅಂಗಾತ ಮಲಗಿದ್ದಳು, ಹಾಡಹಗಲು, ಸೆರಗು ಮುಖದ ಮೇಲಿರಲಿಲ್ಲ. ಗಾಡಿ ಕುಲುಕಿದಾಗೊಮ್ಮೆ ತಲೆ ಆ ಕಡೆ ಈ ಕಡೆ ಹೊರಳುತ್ತಿತ್ತು. ನಿದ್ದೆ ಹತ್ತಿತ್ತು.